ಎಕ್ಸೆಲ್‌ನಿಂದ ವರ್ಡ್‌ಗೆ ದತ್ತಾಂಶ ನಕಲಿಸುವಾಗಿನ ತೊಡಕುಗಳು: ಕಾರಣ ಮತ್ತು ಪರಿಹಾರ

ಸ್ಪ್ರೆಡ್‌ಶೀಟ್‌ನಲ್ಲಿ ಅಚ್ಚುಕಟ್ಟಾಗಿದ್ದ ಕೋಷ್ಟಕವೊಂದನ್ನು ಕಾಪಿ ಮಾಡಿ ವರ್ಡ್ ಕಡತದಲ್ಲಿ ಪೇಸ್ಟ್ ಮಾಡಿದ ಕೂಡಲೇ ಕಾಲಂಗಳು ಪುಟದ ಅಂಚನ್ನು ದಾಟಿ ಹೋಗುತ್ತವೆ, ಸಂಖ್ಯೆಗಳ ಜಾಗದಲ್ಲಿ ##### ಚಿಹ್ನೆಗಳು ಬಂದು ಕೂರುತ್ತವೆ, ಗೆರೆಗಳು ಮಾಯವಾಗುತ್ತವೆ, ಇಲ್ಲವೇ ಇಡೀ ಕೋಷ್ಟಕವೇ ತಿದ್ದಲು ಬಾರದ ಚಿತ್ರವಾಗಿ ಬಿಡುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳಂತೆ ತೋರಿದರೂ ಬಹುಪಾಲು ತೊಡಕುಗಳ ಬೇರು ಒಂದೇ ಕಡೆ ಇದೆ. ಕಾಪಿ ಆದೇಶ ಕೊಟ್ಟಾಗ ಎಕ್ಸೆಲ್ ಒಂದೇ ದತ್ತಾಂಶವನ್ನು ಹಲವು ರೂಪಗಳಲ್ಲಿ ಕ್ಲಿಪ್‌ಬೋರ್ಡಿಗೆ (ಕಾಪಿ ಮಾಡಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಒದಗಿಸುತ್ತದೆ: ಟ್ಯಾಬ್‌ಗಳಿಂದ ಬೇರ್ಪಟ್ಟ ಸರಳ ಪಠ್ಯ, ಎಚ್‌ಟಿಎಂಎಲ್ (ವೆಬ್ ಪುಟಗಳ ಭಾಷೆ) ಕೋಷ್ಟಕ, ಆರ್‌ಟಿಎಫ್ (ವಿನ್ಯಾಸ ಸಮೇತ ಸಾಗುವ) ಪಠ್ಯ, ಚಿತ್ರ, ವರ್ಕ್‌ಬುಕ್ (ಎಕ್ಸೆಲ್ ಕಡತ) ಸಮೇತ ಒಳಸೇರುವ ಆಬ್ಜೆಕ್ಟ್, ಮೂಲ ಕಡತಕ್ಕೆ ಕೊಂಡಿ (ಲಿಂಕ್). ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ನಾವು ಹೇಳದಿದ್ದರೆ ವರ್ಡ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ; ಸಾಮಾನ್ಯವಾಗಿ ಅದು ಎಚ್‌ಟಿಎಂಎಲ್ ರೂಪ. ಆದ್ದರಿಂದ ದುರಸ್ತಿಗೆ ಕೈಹಾಕುವ ಮೊದಲು ಯಾವ ರೂಪ ಬಂದಿದೆ ಎಂಬುದನ್ನು ಗುರುತಿಸಬೇಕು. ಅದನ್ನು ಗುರುತಿಸದೆ ಗೆರೆ ಎಳೆಯುತ್ತಾ, ಕಾಲಂ ಜಗ್ಗುತ್ತಾ ಕೂರುವುದು ವ್ಯರ್ಥ ಶ್ರಮ.

ಬಂದಿರುವ ರೂಪವನ್ನು ಗುರುತಿಸುವುದು

ಪೇಸ್ಟ್ ಆದ ಭಾಗದ ಮೇಲೆ ಒಮ್ಮೆ ಕ್ಲಿಕ್ ಮಾಡಿ ನೋಡಿ. ಕರ್ಸರ್ ಯಾವುದೋ ಒಂದು ಸೆಲ್‌ನ ಒಳಗೆ ಮಿನುಗಿ, ಮೇಲಿನ ರಿಬ್ಬನ್‌ನಲ್ಲಿ ಟೇಬಲ್‌ಗೆ ಸಂಬಂಧಿಸಿದ ಟ್ಯಾಬ್‌ಗಳು ತೆರೆದುಕೊಂಡರೆ ಬಂದಿರುವುದು ವರ್ಡ್‌ನ ಸಾಮಾನ್ಯ ಟೇಬಲ್. ಸೆಲ್‌ನೊಳಗೆ ಕ್ಲಿಕ್ ಮಾಡಿದಾಗ ಅಕ್ಷರಗಳ ಹಿಂದೆ ಬೂದು ಛಾಯೆ ಕಾಣಿಸಿಕೊಂಡರೆ ಅದು ಮೂಲ ಕಡತಕ್ಕೆ ಕೊಂಡಿ ಹೊಂದಿರುವ ಫೀಲ್ಡ್, ಅಂದರೆ ಮೂಲದಿಂದ ಮತ್ತೆ ತಾಜಾ ಮಾಡಿಕೊಳ್ಳಬಲ್ಲ ಭಾಗ. ಸುತ್ತಲೂ ಹಿಡಿಕೆಗಳಿರುವ ಚೌಕಟ್ಟು ಬಂದು, ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ತೆರೆದುಕೊಂಡರೆ ಅದು ಆಬ್ಜೆಕ್ಟ್. ಎಕ್ಸೆಲ್ ತೆರೆಯದೆ ಚಿತ್ರ ತಿದ್ದುವ ಟ್ಯಾಬ್ ಮಾತ್ರ ಬಂದರೆ ಅದು ಬರಿಯ ಚಿತ್ರ. ಚೌಕಟ್ಟೂ ಇಲ್ಲ, ಸೆಲ್‌ಗಳೂ ಇಲ್ಲ, ಪದಗಳು ಮಾತ್ರ ಓರೆಕೋರೆಯಾಗಿ ನಿಂತಿವೆ ಎಂದಾದರೆ ಕಂಟ್ರೋಲ್, ಶಿಫ್ಟ್ ಮತ್ತು 8 ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಡಗಿದ್ದ ಗುರುತುಗಳು ಹೊರಬರುತ್ತವೆ. ಪದಗಳ ನಡುವೆ ಸಣ್ಣ ಬಾಣಗಳಿದ್ದರೆ ಅವು ಟ್ಯಾಬ್‌ಗಳು, ಅಂದರೆ ಬಂದಿರುವುದು ಸರಳ ಪಠ್ಯ.

ಬೇಕಾದ ರೂಪವನ್ನು ಕೇಳಿ ಪಡೆಯುವುದು

1. ಎಕ್ಸೆಲ್‌ನಲ್ಲಿ ಬೇಕಾದಷ್ಟೇ ಸೆಲ್‌ಗಳನ್ನು ಆಯ್ದು ಕಂಟ್ರೋಲ್ ಮತ್ತು ಸಿ ಒತ್ತಿ. ಕಾಲಂ ಶೀರ್ಷಿಕೆಯ ಅಕ್ಷರದ ಮೇಲೆ ಕ್ಲಿಕ್ ಮಾಡಿ ಇಡೀ ಕಾಲಂ ಆರಿಸಬೇಡಿ. ಎಕ್ಸೆಲ್ 2007ರಿಂದೀಚೆಗೆ ಒಂದು ಹಾಳೆಯಲ್ಲಿ 10,48,576 ಸಾಲುಗಳಿರುತ್ತವೆ, ಅಷ್ಟೂ ಆಯ್ಕೆಯೊಳಗೆ ಸೇರುತ್ತವೆ.
2. ಆಯ್ಕೆಯ ಸುತ್ತ ಓಡುವ ಚುಕ್ಕಿಗೆರೆ ಕಾಣುತ್ತಿರುವಾಗಲೇ ವರ್ಡ್‌ಗೆ ಹೋಗಿ. ನಡುವೆ ಎಸ್ಕೇಪ್ ಒತ್ತಿದರೆ ಅಥವಾ ಎಕ್ಸೆಲ್‌ನ ಬೇರೊಂದು ಸೆಲ್‌ನಲ್ಲಿ ಏನಾದರೂ ಬರೆದರೆ ಕಾಪಿ ರದ್ದಾಗಬಹುದು.
3. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ವಿ ಒತ್ತಿ ಪೇಸ್ಟ್ ಸ್ಪೆಷಲ್ ಕಿಟಕಿಯನ್ನು ತೆರೆದು ಬೇಕಾದ ರೂಪವನ್ನು ಆರಿಸಿ. ಇಲ್ಲವೇ ಸಾಮಾನ್ಯವಾಗಿ ಪೇಸ್ಟ್ ಮಾಡಿ, ಕೋಷ್ಟಕದ ಕೆಳಮೂಲೆಯಲ್ಲಿ ಮೂಡುವ ಪೇಸ್ಟ್ ಆಪ್ಷನ್ಸ್ ಗುಂಡಿಯಿಂದ ರೂಪವನ್ನು ಬದಲಿಸಿ.

ಈ ಗುಂಡಿಯೇ ಕಾಣದಿದ್ದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬ ದಾರಿಯಲ್ಲಿ ಹೋಗಿ ಕಟ್-ಕಾಪಿ-ಪೇಸ್ಟ್ ವಿಭಾಗದಲ್ಲಿ ಅದನ್ನು ತೋರಿಸುವ ಆಯ್ಕೆಗೆ ಗುರುತು ಹಾಕಬೇಕು. ಬೇರೆ ತಂತ್ರಾಂಶಗಳಿಂದ ಪೇಸ್ಟ್ ಮಾಡುವಾಗ ತಾನಾಗಿ ಅನ್ವಯವಾಗಬೇಕಾದ ರೂಪವನ್ನೂ ಅಲ್ಲಿಯೇ ನಿಗದಿಪಡಿಸಬಹುದು.

ಗುಂಡಿಯಲ್ಲಿ ಕಾಣುವ ಆಯ್ಕೆಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಇಷ್ಟು. ವರದಿ, ಪ್ರಬಂಧ, ಪತ್ರ ಮುಂತಾದವುಗಳಿಗೆ ‘ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್’ ಸರಿಯಾದ ಆಯ್ಕೆ, ಏಕೆಂದರೆ ಕೋಷ್ಟಕವು ವರ್ಡ್ ಕಡತದ ಅಕ್ಷರಶೈಲಿಗೆ ಹೊಂದಿಕೊಂಡು ಬರುತ್ತದೆ. ಬಣ್ಣಗಳಿಗೇ ಅರ್ಥವಿರುವ ಕೋಷ್ಟಕಕ್ಕೆ ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್’ ಬೇಕಾಗುತ್ತದೆ. ಎಕ್ಸೆಲ್‌ನಲ್ಲಿ ಷರತ್ತಿಗೆ ಅನುಗುಣವಾಗಿ ಬದಲಾಗುತ್ತಿದ್ದ ಬಣ್ಣಗಳು ವರ್ಡ್‌ನಲ್ಲಿ ನಕಲಿಸಿದ ಕ್ಷಣದ ಬಣ್ಣಗಳಾಗಿ ಸ್ಥಿರವಾಗಿ ನಿಲ್ಲುತ್ತವೆ ಎಂಬುದು ನೆನಪಿರಲಿ. ಅಂಕಿಗಳು ಮುಂದೆಯೂ ಬದಲಾಗುವಂತಿದ್ದರೆ ಮಾತ್ರ ಕೊಂಡಿಯ ಆಯ್ಕೆಗಳನ್ನು ಬಳಸಬೇಕು. ಚಿತ್ರವಾಗಿ ಪೇಸ್ಟ್ ಮಾಡುವುದು ನೋಟಕ್ಕೆ ಸೊಗಸಾದರೂ ಅದರೊಳಗಿನ ಅಕ್ಷರಗಳನ್ನು ಹುಡುಕಲು ಬರುವುದಿಲ್ಲ, ಪರದೆ ಓದುವ ತಂತ್ರಾಂಶವನ್ನು ಬಳಸುವವರಿಗೆ ಅಂಕಿಗಳು ಕೇಳಿಸುವುದೂ ಇಲ್ಲ. ಹಾಗಾಗಿ ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೂಲದಲ್ಲೇ ಸರಿಪಡಿಸಬೇಕಾದವು

ಕೆಲವು ದೋಷಗಳನ್ನು ವರ್ಡ್‌ನಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಎಕ್ಸೆಲ್ ಪಠ್ಯವಾಗಿ ಮತ್ತು ಕೋಷ್ಟಕವಾಗಿ ರವಾನಿಸುವುದು ಸೆಲ್‌ನಲ್ಲಿ ಅಡಗಿರುವ ಸೂತ್ರವನ್ನಾಗಲಿ ಪೂರ್ಣ ಬೆಲೆಯನ್ನಾಗಲಿ ಅಲ್ಲ, ಪರದೆಯ ಮೇಲೆ ಕಾಣುತ್ತಿರುವುದನ್ನು. ಕಾಲಂ ಕಿರಿದಾಗಿ ಸಂಖ್ಯೆಯ ಬದಲು ##### ಕಾಣುತ್ತಿದ್ದರೆ ವರ್ಡ್‌ಗೂ ಅದೇ ಬಂದು ಸೇರುತ್ತದೆ. ಅದನ್ನು ಅಳಿಸಿ ಎಕ್ಸೆಲ್‌ಗೆ ಮರಳಿ, ಕಾಲಂ ಶೀರ್ಷಿಕೆಗಳ ನಡುವಿನ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ ಅಗಲಗೊಳಿಸಿ, ಮತ್ತೆ ಕಾಪಿ ಮಾಡಬೇಕು.

ದೊಡ್ಡ ಸಂಖ್ಯೆಗಳ ಪಾಡು ಇನ್ನಷ್ಟು ಸೂಕ್ಷ್ಮ. ಜನರಲ್ ಎಂಬ ಸಾಮಾನ್ಯ ವಿನ್ಯಾಸದಲ್ಲಿ 12 ಅಥವಾ ಹೆಚ್ಚು ಅಂಕಿಗಳ ಸಂಖ್ಯೆಯನ್ನು ಎಕ್ಸೆಲ್ ಘಾತರೂಪದಲ್ಲಿ (1.23E+11 ಎಂಬಂತೆ) ತೋರಿಸುತ್ತದೆ, ಮತ್ತು ವರ್ಡ್‌ಗೆ ಆ ಘಾತರೂಪವೇ ಬರುತ್ತದೆ. ಸೆಲ್‌ನ ವಿನ್ಯಾಸವನ್ನು ನಂಬರ್ ಎಂದು ಬದಲಿಸಿ ದಶಮಾಂಶ ಸ್ಥಾನಗಳನ್ನು ಸೊನ್ನೆಗೆ ಇಳಿಸಿದರೆ ಪೂರ್ಣ ಸಂಖ್ಯೆ ಕಾಣುತ್ತದೆ. ಆದರೆ ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಉಳಿಸಿಕೊಳ್ಳುವುದರಿಂದ, 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ನಮೂದಿಸಿದ್ದರೆ ಕೊನೆಯ ಅಂಕಿ ಆಗಲೇ ಸೊನ್ನೆಯಾಗಿ ಹೋಗಿರುತ್ತದೆ. ಅದನ್ನು ಯಾವ ವಿನ್ಯಾಸವೂ ಮರಳಿ ತರಲಾರದು. ಸೆಲ್‌ಗಳನ್ನು ಟೆಕ್ಸ್ಟ್ ವಿನ್ಯಾಸಕ್ಕೆ ಬದಲಿಸಿ ಮೂಲ ದಾಖಲೆಯಿಂದ ಮತ್ತೆ ನಮೂದಿಸಬೇಕು. ಸಂಖ್ಯೆಯ ಮುಂದಿನ ಸೊನ್ನೆಗಳು ಕಾಣೆಯಾಗುವುದಕ್ಕೂ ಇದೇ ಟೆಕ್ಸ್ಟ್ ವಿನ್ಯಾಸ ಮದ್ದು.

ಕಾಣುವುದೇ ಬರುತ್ತದೆ ಎಂಬ ನಿಯಮದಿಂದ ಮತ್ತೊಂದು ಪೇಚು ಹುಟ್ಟುತ್ತದೆ. 2.4 ಮತ್ತು 2.4 ಕೂಡಿದರೆ 4.8, ದಶಮಾಂಶವಿಲ್ಲದೆ ತೋರಿಸಿದಾಗ ಅವು 2, 2 ಮತ್ತು 5 ಎಂದು ಕಾಣುತ್ತವೆ. ಎಕ್ಸೆಲ್‌ನಲ್ಲಿ ಸೆಲ್ ಒತ್ತಿ ನೋಡಿದವರಿಗೆ ನಿಜಾಂಶ ತಿಳಿಯುತ್ತದೆ, ವರ್ಡ್ ಕಡತವನ್ನು ಓದುವವರಿಗೆ ಮಾತ್ರ ಎರಡು ಮತ್ತು ಎರಡು ಕೂಡಿ ಐದಾಗಿರುವುದೇ ಕಾಣುತ್ತದೆ. ವರದಿಗೆ ಹೋಗುವ ಅಂಕಿಗಳನ್ನು ರೌಂಡ್ ಫಂಕ್ಷನ್‌ನಿಂದ ನಿಜವಾಗಿಯೇ ಪೂರ್ಣಾಂಕಕ್ಕೆ ತಂದು ಅನಂತರ ಮೊತ್ತ ತೆಗೆಯಬಹುದು, ಇಲ್ಲವೇ ಅಗತ್ಯವಿರುವಷ್ಟು ದಶಮಾಂಶ ಸ್ಥಾನಗಳನ್ನು ತೋರಿಸಬಹುದು.

ಹೈಡ್ ಮಾಡಿಟ್ಟ ಸಾಲುಗಳು ಆಯ್ಕೆಯೊಳಗೇ ಉಳಿದಿರುತ್ತವೆ, ನಕಲಿನಲ್ಲಿ ಅವೂ ಸೇರಿಕೊಳ್ಳಬಹುದು. ಆಯ್ಕೆ ಮಾಡಿದ ಮೇಲೆ ಆಲ್ಟ್ ಮತ್ತು ಅರ್ಧವಿರಾಮ ಚಿಹ್ನೆಯ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಕಾಣುವ ಸೆಲ್‌ಗಳಷ್ಟೇ ಆಯ್ಕೆಯಲ್ಲಿ ಉಳಿಯುತ್ತವೆ. ಅನಂತರ ಕಾಪಿ ಮಾಡಿ. ವಿಲೀನಗೊಳಿಸಿದ ಸೆಲ್‌ಗಳು ವರ್ಡ್‌ಗೆ ಬಂದ ಮೇಲೆ ಒಂದು ಕಾಲಂ ಅನ್ನು ಆಯ್ಕೆ ಮಾಡುವುದಕ್ಕೇ ಅಡ್ಡಿಯಾಗುತ್ತವೆ. ಎಕ್ಸೆಲ್‌ನಲ್ಲೇ ವಿಲೀನವನ್ನು ಬಿಡಿಸಿ, ಶೀರ್ಷಿಕೆ ನಡುವೆ ನಿಲ್ಲಲೇಬೇಕೆಂದಿದ್ದರೆ ಅಲೈನ್‌ಮೆಂಟ್ ವಿಭಾಗದ ‘ಸೆಂಟರ್ ಅಕ್ರಾಸ್ ಸೆಲೆಕ್ಷನ್’ ಬಳಸಿ.

ಪೇಸ್ಟ್ ಆಗುವುದೇ ಇಲ್ಲ ಎಂದಾಗ

ವಿಂಡೋಸ್‌ನಲ್ಲಿ ಒಂದು ಸಮಯಕ್ಕೆ ಒಂದೇ ತಂತ್ರಾಂಶ ಕ್ಲಿಪ್‌ಬೋರ್ಡ್ ಅನ್ನು ತೆರೆಯಬಲ್ಲದು. ಕ್ಲಿಪ್‌ಬೋರ್ಡ್ ನಿರ್ವಹಿಸುವ ಬೇರೊಂದು ತಂತ್ರಾಂಶ, ಪರದೆಯ ಚಿತ್ರ ಹಿಡಿಯುವ ಸಾಧನ, ಅಥವಾ ದೂರದ ಕಂಪ್ಯೂಟರಿನೊಂದಿಗಿನ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಅದನ್ನು ಹಿಡಿದಿಟ್ಟುಕೊಂಡ ಕ್ಷಣದಲ್ಲಿ ಎಕ್ಸೆಲ್ ಕ್ಲಿಪ್‌ಬೋರ್ಡಿನಲ್ಲಿ ತೊಂದರೆಯಿದೆ ಎಂಬ ಸಂದೇಶವನ್ನು ತೋರಿಸುತ್ತದೆ. ಅಂಥ ತಂತ್ರಾಂಶಗಳನ್ನು ಒಂದೊಂದಾಗಿ ಮುಚ್ಚಿ ಪ್ರಯತ್ನಿಸಿದರೆ ತಪ್ಪಿತಸ್ಥ ಯಾವುದೆಂದು ತಿಳಿಯುತ್ತದೆ. ದೂರದ ಕಂಪ್ಯೂಟರಿನಿಂದ ನಕಲಿಸುತ್ತಿದ್ದರೆ ಸಂಪರ್ಕದ ಸಿದ್ಧತೆಗಳಲ್ಲಿ ಕ್ಲಿಪ್‌ಬೋರ್ಡ್ ಹಂಚಿಕೆಗೆ ಅನುಮತಿಯಿದೆಯೇ ಎಂದೂ ನೋಡಬೇಕು. ಪೇಸ್ಟ್ ಸ್ಪೆಷಲ್ ಕಿಟಕಿಯಲ್ಲಿ ಕೊಂಡಿಯ ಆಯ್ಕೆ ಮಾತ್ರ ಮಸುಕಾಗಿದ್ದರೆ ಕಾರಣ ಸರಳ: ಎಕ್ಸೆಲ್ ಅನ್ನು ಆಗಲೇ ಮುಚ್ಚಿರುತ್ತೀರಿ, ಅಥವಾ ಆ ವರ್ಕ್‌ಬುಕ್ ಇನ್ನೂ ಸೇವ್ ಆಗಿರುವುದಿಲ್ಲ.

ಪುಟದ ಅಗಲವನ್ನು ಮೀರುವ ಕೋಷ್ಟಕ

ಅತಿ ಹೆಚ್ಚು ಜನರನ್ನು ಕಾಡುವ ತೊಡಕು ಇದೇ. ಎಕ್ಸೆಲ್ ಹಾಳೆಗೆ 16,384 ಕಾಲಂಗಳ ಹರವಿದೆ, ಅಂಚು ಎಂಬುದೇ ಅದಕ್ಕಿಲ್ಲ. ವರ್ಡ್ ಟೇಬಲ್‌ಗೆ ಹೆಚ್ಚೆಂದರೆ 63 ಕಾಲಂಗಳು, ಅವೂ ಕಾಗದದ ಅಗಲದೊಳಗೆ ಹಿಡಿಯಬೇಕು. ಪ್ರಿಂಟ್ ಲೇಔಟ್ ನೋಟದಲ್ಲಿ ಬಲಭಾಗ ಕತ್ತರಿಸಿ ಹೋದಂತೆ ಕಂಡರೂ ದತ್ತಾಂಶ ಅಳಿದಿರುವುದಿಲ್ಲ. ವ್ಯೂ ಟ್ಯಾಬ್‌ನಿಂದ ಡ್ರಾಫ್ಟ್ ಅಥವಾ ವೆಬ್ ಲೇಔಟ್‌ಗೆ ಬದಲಿಸಿದರೆ ಉಳಿದ ಕಾಲಂಗಳು ಕಾಣಸಿಗುತ್ತವೆ.

ಮೊದಲು ಟೇಬಲ್‌ನೊಳಗೆ ಕ್ಲಿಕ್ ಮಾಡಿ, ಟೇಬಲ್‌ನ ಲೇಔಟ್ ಟ್ಯಾಬ್‌ನಲ್ಲಿರುವ ಆಟೋಫಿಟ್ ಪಟ್ಟಿಯಿಂದ ‘ಆಟೋಫಿಟ್ ವಿಂಡೋ’ ಆರಿಸಿ. ಇಡೀ ಟೇಬಲ್ ಪುಟದ ಅಂಚುಗಳ ನಡುವೆ ಬಂದು ನಿಲ್ಲುತ್ತದೆ. ಸೆಲ್‌ಗಳೊಳಗಿನ ಪದಗಳು ಮುರಿದು ಓದಲಾಗದಂತಾದರೆ ಅಕ್ಷರಗಾತ್ರವನ್ನು ಒಂದೆರಡು ಪಾಯಿಂಟ್ ಇಳಿಸಿ, ಸೆಲ್‌ಗಳ ಎಡಬಲದ ಒಳಅಂಚನ್ನೂ ಕಡಿಮೆ ಮಾಡಿ. ಅದೂ ಸಾಲದಾದಾಗ ಆ ಪುಟವೊಂದನ್ನೇ ಅಡ್ಡಲಾಗಿ ತಿರುಗಿಸಬೇಕು. ಅನೇಕರು ಇಲ್ಲಿ ನೇರವಾಗಿ ಓರಿಯಂಟೇಶನ್ ಬದಲಿಸಿ ಇಡೀ ಕಡತವನ್ನೇ ಅಡ್ಡ ಮಾಡಿಬಿಡುತ್ತಾರೆ. ಟೇಬಲ್‌ನ ಮೊದಲು ಒಂದು, ಅನಂತರ ಒಂದು, ಹೀಗೆ ‘ನೆಕ್ಸ್ಟ್ ಪೇಜ್’ ಬಗೆಯ ಎರಡು ಸೆಕ್ಷನ್ ಬ್ರೇಕ್‌ಗಳನ್ನು (ಕಡತವನ್ನು ಬೇರೆ ಬೇರೆ ಪುಟವಿನ್ಯಾಸದ ಭಾಗಗಳಾಗಿ ಒಡೆಯುವ ಗುರುತುಗಳು) ಹಾಕಿ, ಅವುಗಳ ನಡುವೆ ಕರ್ಸರ್ ಇಟ್ಟು ಲ್ಯಾಂಡ್‌ಸ್ಕೇಪ್ ಆರಿಸಿದರೆ ಉಳಿದ ಪುಟಗಳು ಇದ್ದಂತೆಯೇ ಇರುತ್ತವೆ. ಹದಿನೈದಿಪ್ಪತ್ತು ಕಾಲಂಗಳ ಕೋಷ್ಟಕ ಅಡ್ಡ ಪುಟದಲ್ಲಿಯೂ ಓದುವಂತಿರುವುದಿಲ್ಲ. ಅಂಥದ್ದನ್ನು ಎಕ್ಸೆಲ್‌ನಲ್ಲಿಯೇ ಎರಡಾಗಿ ಒಡೆದು, ಸಾಲಿನ ಹೆಸರಿರುವ ಮೊದಲ ಕಾಲಂ ಅನ್ನು ಎರಡರಲ್ಲೂ ಇಟ್ಟು ಬೇರೆ ಬೇರೆಯಾಗಿ ತರುವುದೇ ಓದುಗರಿಗೆ ಅನುಕೂಲ.

ಉದ್ದದ ಟೇಬಲ್ ಹಲವು ಪುಟಗಳಿಗೆ ಹರಿದಾಗ ಪ್ರತಿ ಪುಟದಲ್ಲೂ ಶೀರ್ಷಿಕೆ ಸಾಲು ಬರಬೇಕಾದರೆ ಮೊದಲ ಸಾಲನ್ನು ಆಯ್ದು ಲೇಔಟ್ ಟ್ಯಾಬ್‌ನ ‘ರಿಪೀಟ್ ಹೆಡರ್ ರೋಸ್’ ಒತ್ತಿ. ಒತ್ತಿದರೂ ಬಾರದಿದ್ದರೆ ಟೇಬಲ್ ಪ್ರಾಪರ್ಟೀಸ್‌ನಲ್ಲಿ ಪಠ್ಯ ಸುತ್ತುವರಿಕೆಯನ್ನು ‘ನನ್’ ಎಂದು ಬದಲಿಸಬೇಕು.

ಗೆರೆ ಮತ್ತು ಸಾಲಿನ ಎತ್ತರ

ಎಕ್ಸೆಲ್ ಪರದೆಯ ಬೂದು ಗೆರೆಗಳು ಕಣ್ಣಿನ ಸಹಾಯಕ್ಕೆ ಇರುವವು, ಅವು ಬಾರ್ಡರ್‌ಗಳಲ್ಲ. ವರ್ಡ್‌ಗೆ ಅವು ಬರುವುದಿಲ್ಲ. ವರ್ಡ್ ಪರದೆಯಲ್ಲೂ ಕೆಲವೊಮ್ಮೆ ಚುಕ್ಕಿಗೆರೆಗಳು ಕಾಣುತ್ತವೆ, ಅವು ಮುದ್ರಣದಲ್ಲಿ ಬರುವುದಿಲ್ಲ. ಕಾಗದದ ಮೇಲೆ ಗೆರೆ ಬೇಕಿದ್ದರೆ ಟೇಬಲ್ ಪೂರ್ತಿ ಆಯ್ದು ‘ಆಲ್ ಬಾರ್ಡರ್ಸ್’ ಹಾಕಿ.

ಸಾಲುಗಳು ವಿಪರೀತ ಎತ್ತರವಾಗಿದ್ದರೆ ಕಾರಣ ವರ್ಡ್‌ನ ನಾರ್ಮಲ್ ಶೈಲಿ: ವರ್ಡ್ 2013ರಿಂದ ಪ್ರತಿ ಪ್ಯಾರಾದ ನಂತರ 8 ಪಾಯಿಂಟ್ ಖಾಲಿ ಜಾಗ ಬಿಡುವುದು ಅದರ ಪೂರ್ವನಿಗದಿತ ಗುಣ, ಮತ್ತು ಪ್ರತಿ ಸೆಲ್‌ನ ಪಠ್ಯವೂ ಒಂದು ಪ್ಯಾರಾ. ಟೇಬಲ್ ಆಯ್ದು ಪ್ಯಾರಾಗ್ರಾಫ್ ಕಿಟಕಿಯಲ್ಲಿ ಮುಂಚಿನ ಮತ್ತು ನಂತರದ ಜಾಗವನ್ನು ಸೊನ್ನೆಯಾಗಿಸಿ. ಇದಕ್ಕೆ ತದ್ವಿರುದ್ಧವಾಗಿ ಅಕ್ಷರಗಳ ಮೇಲ್ಭಾಗವೋ ಒತ್ತಕ್ಷರಗಳ ಬಾಲವೋ ಕತ್ತರಿಸಿದಂತೆ ಕಂಡರೆ ಸಾಲಿನ ಎತ್ತರ ‘ಎಕ್ಸಾಕ್ಟ್ಲಿ’ ಎಂದು ಬಿಗಿಯಾಗಿದೆ ಎಂದರ್ಥ. ಟೇಬಲ್ ಪ್ರಾಪರ್ಟೀಸ್‌ನ ರೋ ವಿಭಾಗದಲ್ಲಿ ಅದನ್ನು ‘ಅಟ್ ಲೀಸ್ಟ್’ ಎಂದು ಬದಲಿಸಿ. ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕಾಗುವುದರಿಂದ ನಮಗೆ ಈ ತೊಡಕು ತುಸು ಹೆಚ್ಚೇ ಎದುರಾಗುತ್ತದೆ. ಚಿತ್ರವಾಗಿ ಪೇಸ್ಟ್ ಮಾಡಿದ ಕೋಷ್ಟಕದ ತೆಳ್ಳಗಿನ ಪಟ್ಟಿಯೊಂದು ಮಾತ್ರ ಕಾಣುತ್ತಿದ್ದರೂ ಕಾರಣ ಇದರ ಸೋದರನೇ: ಆ ಪ್ಯಾರಾದ ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಆಗಿದೆ. ‘ಸಿಂಗಲ್’ ಮಾಡಿದರೆ ಪೂರ್ತಿ ಚಿತ್ರ ಹೊರಬರುತ್ತದೆ.

ಕನ್ನಡ ಅಕ್ಷರಗಳು ಕೆಡುವುದು

ಕೋಷ್ಟಕದ ಕನ್ನಡ ಪಠ್ಯ ವರ್ಡ್‌ಗೆ ಬಂದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬದಲಾದರೆ ಮೂಲ ಪಠ್ಯ ಯೂನಿಕೋಡ್‌ನಲ್ಲಿ (ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ವ್ಯವಸ್ಥೆ) ಇಲ್ಲ ಎಂದು ತಿಳಿಯಬೇಕು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಲಾಗಿದೆ. ‘ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್’ ಅಥವಾ ‘ಕೀಪ್ ಟೆಕ್ಸ್ಟ್ ಓನ್ಲಿ’ ಆಯ್ಕೆಯಲ್ಲಿ ಫಾಂಟ್ ಕಳಚಿಹೋಗುವುದರಿಂದ ಕೆಳಗಿನ ಸಂಕೇತಗಳು ಬಯಲಾಗುತ್ತವೆ. ತಾತ್ಕಾಲಿಕವಾಗಿ ಆ ಪಠ್ಯಕ್ಕೆ ಹಳೆಯ ಫಾಂಟ್ ಅನ್ನು ಮತ್ತೆ ಹಚ್ಚಿದರೆ ಓದಲು ಬರುತ್ತದೆ. ಶಾಶ್ವತ ಪರಿಹಾರ ಒಂದೇ, ಎಕ್ಸೆಲ್‌ನಲ್ಲಿರುವಾಗಲೇ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದು. ಪಠ್ಯ ಯೂನಿಕೋಡ್ ಆಗಿದ್ದೂ ಫಾಂಟ್ ಬದಲಾಯಿಸಿದಾಗ ಕನ್ನಡದ ಮೇಲೆ ಪರಿಣಾಮವಾಗದಿದ್ದರೆ ಫಾಂಟ್ ಕಿಟಕಿಯ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಭಾಗದಲ್ಲಿ ಬದಲಿಸಿ ನೋಡಿ.

ಸರಳ ಪಠ್ಯದ ದಾರಿ

ವಿನ್ಯಾಸ ಎಷ್ಟು ತಿದ್ದಿದರೂ ಹದಕ್ಕೆ ಬಾರದಿದ್ದಾಗ ನಾನು ಹಿಡಿಯುವ ದಾರಿ ಇದು. ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂದು ಪೇಸ್ಟ್ ಮಾಡಿ, ಬಂದ ಪಠ್ಯವನ್ನೆಲ್ಲ ಆಯ್ದು, ಇನ್ಸರ್ಟ್ ಟ್ಯಾಬ್‌ನ ಟೇಬಲ್ ಪಟ್ಟಿಯಿಂದ ‘ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್’ ತೆರೆದು, ಬೇರ್ಪಡಿಸುವ ಚಿಹ್ನೆಯಾಗಿ ಟ್ಯಾಬ್ ಅನ್ನು ಆರಿಸಿದರೆ ಎಕ್ಸೆಲ್‌ನ ಯಾವ ಕಲೆಯೂ ಅಂಟದ ಹೊಸ ಟೇಬಲ್ ಸಿಗುತ್ತದೆ.

ಇದರಲ್ಲಿ ಒಂದೇ ಅಪಾಯ. ಆಲ್ಟ್ ಮತ್ತು ಎಂಟರ್ ಒತ್ತಿ ಒಂದೇ ಸೆಲ್‌ನಲ್ಲಿ ಎರಡು ಸಾಲು ಬರೆದಿದ್ದರೆ ಎಕ್ಸೆಲ್ ಆ ಪಠ್ಯವನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಕಳಿಸುತ್ತದೆ, ಒಳಗಿನ ಸಾಲುಮುರಿತವನ್ನು ವರ್ಡ್ ಹೊಸ ಸಾಲೆಂದು ಎಣಿಸಿ ಟೇಬಲ್ ಚೆಲ್ಲಾಪಿಲ್ಲಿಯಾಗುತ್ತದೆ. ಕಾಪಿ ಮಾಡುವ ಮುನ್ನ ಎಕ್ಸೆಲ್‌ನ ಫೈಂಡ್ ಅಂಡ್ ರಿಪ್ಲೇಸ್ ಕಿಟಕಿಯ ಹುಡುಕುವ ಜಾಗದಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ (ಏನೂ ಮೂಡದಂತೆ ಕಂಡರೂ ಸಾಲುಮುರಿತ ಅಲ್ಲಿ ಕುಳಿತಿರುತ್ತದೆ), ಬದಲಿಯಾಗಿ ಒಂದು ಖಾಲಿ ಜಾಗ ಕೊಟ್ಟು ಎಲ್ಲವನ್ನೂ ಬದಲಿಸಬೇಕು. ಇದು ಮೂಲ ಹಾಳೆಯನ್ನೇ ಬದಲಿಸುತ್ತದೆಯಾದ್ದರಿಂದ ನಕಲು ಪ್ರತಿಯ ಮೇಲೆ ಮಾಡಿ.

ಕೊಂಡಿ ಮತ್ತು ಆಬ್ಜೆಕ್ಟ್

ಕೊಂಡಿಯಾಗಿ ತಂದ ಕೋಷ್ಟಕ ಹಳೆಯ ಅಂಕಿಗಳನ್ನೇ ತೋರಿಸುತ್ತಿದ್ದರೆ ಅದರೊಳಗೆ ಕ್ಲಿಕ್ ಮಾಡಿ ಎಫ್9 ಒತ್ತಿ. ಆಗಲೂ ಬದಲಾಗದಿದ್ದರೆ ಮೂಲ ಕಡತದ ಹೆಸರೋ ಜಾಗವೋ ಬದಲಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಕೊಂಡಿಯೊಳಗೆ ಕಡತದ ಪೂರ್ಣ ವಿಳಾಸ ಬರೆದಿರುತ್ತದೆ. ವರ್ಡ್ ಕಡತವನ್ನು ಸೇವ್ ಮಾಡಿ, ಫೈಲ್ ಮೆನುವಿನ ಇನ್ಫೋ ಪುಟದಲ್ಲಿ ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ತೆರೆದು ‘ಚೇಂಜ್ ಸೋರ್ಸ್’ ಮೂಲಕ ಹೊಸ ಜಾಗವನ್ನು ತೋರಿಸಿ.

ಎಕ್ಸೆಲ್‌ನಲ್ಲಿ ಕೆಳಗೆ ಹೊಸ ಸಾಲುಗಳನ್ನು ಸೇರಿಸಿದರೂ ವರ್ಡ್‌ನಲ್ಲಿ ಅವು ಬಾರದಿರುವುದು ಬೇರೆಯೇ ಸಮಸ್ಯೆ. ಕೊಂಡಿಯು ಇಂಥ ಸಾಲಿನಿಂದ ಇಂಥ ಸಾಲಿನವರೆಗೆ ಎಂಬ ಸ್ಥಿರ ವ್ಯಾಪ್ತಿಯನ್ನು ಹಿಡಿದಿರುತ್ತದೆ. ಎಕ್ಸೆಲ್‌ನಲ್ಲಿ ಆ ವ್ಯಾಪ್ತಿಗೆ ಒಂದು ಹೆಸರು ಕೊಟ್ಟು, ವರ್ಡ್‌ನಲ್ಲಿ ಆಲ್ಟ್ ಮತ್ತು ಎಫ್9 ಒತ್ತಿ ಫೀಲ್ಡ್ ಸಂಕೇತವನ್ನು ತೆರೆದು, ಸಾಲು-ಕಾಲಂ ಸಂಖ್ಯೆಗಳ ಜಾಗದಲ್ಲಿ ಆ ಹೆಸರನ್ನು ಬರೆದು, ಮತ್ತೆ ಆಲ್ಟ್ ಮತ್ತು ಎಫ್9, ಅನಂತರ ಎಫ್9 ಒತ್ತಿ. ಹೊಸ ಸಾಲುಗಳನ್ನು ಆ ಹೆಸರಿನ ವ್ಯಾಪ್ತಿಯ ಒಳಗೇ ಸೇರಿಸಿದರೆ ಕೋಷ್ಟಕವೂ ಬೆಳೆಯುತ್ತದೆ. ಕಡತವನ್ನು ಬೇರೆಯವರಿಗೆ ಕಳಿಸುವ ಹೊತ್ತಿಗೆ ಟೇಬಲ್ ಆಯ್ದು ಕಂಟ್ರೋಲ್, ಶಿಫ್ಟ್ ಮತ್ತು ಎಫ್9 ಒತ್ತಿ ಕೊಂಡಿಯನ್ನು ಕಡಿದುಹಾಕುವುದು ಕ್ಷೇಮ.

ಆಬ್ಜೆಕ್ಟ್ ಆಗಿ ಒಳಸೇರಿಸಿದ ಕೋಷ್ಟಕ ಒಂದು ಪುಟದಿಂದ ಮುಂದಿನದಕ್ಕೆ ಹರಿಯುವುದಿಲ್ಲ. ಪುಟಕ್ಕಿಂತ ಉದ್ದವಾದದ್ದು ಕತ್ತರಿಸಿಹೋಗುತ್ತದೆ. ಅದಕ್ಕಿಂತ ಗಂಭೀರ ವಿಷಯವೆಂದರೆ ಆಯ್ದ ಐದಾರು ಸಾಲುಗಳ ಜೊತೆಗೆ ಇಡೀ ವರ್ಕ್‌ಬುಕ್ ವರ್ಡ್ ಕಡತದೊಳಗೆ ಬಂದು ಕೂರುತ್ತದೆ. ಓದುಗರು ಡಬಲ್ ಕ್ಲಿಕ್ ಮಾಡಿದರೆ ಉಳಿದ ಹಾಳೆಗಳನ್ನೂ ನೋಡಬಲ್ಲರು. ಸಂಬಳದ ಪಟ್ಟಿ, ಅಂಕಪಟ್ಟಿಯಂಥ ಖಾಸಗಿ ವಿವರಗಳಿರುವ ವರ್ಕ್‌ಬುಕ್‌ನಿಂದ ಈ ರೂಪದಲ್ಲಿ ಏನನ್ನೂ ತರಬಾರದು.

ಬೇರೆ ತಂತ್ರಾಂಶಗಳಲ್ಲಿ

ಲಿಬ್ರೆಆಫೀಸ್‌ನಲ್ಲಿ ಕ್ಯಾಲ್ಕ್‌ನ ಸೆಲ್‌ಗಳನ್ನು ರೈಟರ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಪೇಸ್ಟ್ ಮಾಡಿದರೆ ಸಾಮಾನ್ಯವಾಗಿ ಆಬ್ಜೆಕ್ಟ್ ಬರುತ್ತದೆ. ತಿದ್ದಬಲ್ಲ ಟೇಬಲ್ ಬೇಕಾದವರು ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿ ಆರ್‌ಟಿಎಫ್ ಅಥವಾ ಎಚ್‌ಟಿಎಂಎಲ್ ಆರಿಸಬೇಕು. ಗೂಗಲ್ ಶೀಟ್ಸ್‌ನಿಂದ ಗೂಗಲ್ ಡಾಕ್ಸ್‌ಗೆ ಬರುವಾಗ ಕೊಂಡಿ ಬೇಕೇ ಬೇಡವೇ ಎಂದು ಅದೇ ಕೇಳುತ್ತದೆ, ಆದರೆ 400ಕ್ಕಿಂತ ಹೆಚ್ಚು ಸೆಲ್‌ಗಳಿದ್ದರೆ ಕೊಂಡಿ ಸಾಧ್ಯವಿಲ್ಲ.

ಪೇಸ್ಟ್ ಆದ ಮೇಲಿನ ತಪಾಸಣೆ

ಕೋಷ್ಟಕ ನೋಡಲು ಸರಿಯಾಗಿದೆ ಎಂದಾಕ್ಷಣ ಅಂಕಿಗಳೂ ಸರಿಯಾಗಿವೆ ಎಂದು ನಂಬಬಾರದು. ಎಕ್ಸೆಲ್‌ನಲ್ಲಿ ಆಯ್ದ ಸಾಲುಗಳ ಸಂಖ್ಯೆಯನ್ನು ವರ್ಡ್ ಟೇಬಲ್‌ನ ಸಾಲುಗಳೊಂದಿಗೆ ಹೋಲಿಸಿ, ಮೊದಲ ಮತ್ತು ಕೊನೆಯ ಸಾಲುಗಳನ್ನು ಓದಿ. ಅನಂತರ ಟೇಬಲ್‌ನ ಕೊನೆಗೆ ತಾತ್ಕಾಲಿಕವಾಗಿ ಒಂದು ಸಾಲನ್ನು ಸೇರಿಸಿ, ಲೇಔಟ್ ಟ್ಯಾಬ್‌ನ ಫಾರ್ಮುಲಾ ಗುಂಡಿಯಿಂದ ಮೇಲಿನ ಸೆಲ್‌ಗಳ ಮೊತ್ತವನ್ನು ತೆಗೆದು ಎಕ್ಸೆಲ್‌ನ ಮೊತ್ತದೊಂದಿಗೆ ತಾಳೆ ನೋಡಿ. ಕಾಲಂ ನಡುವೆ ಖಾಲಿ ಸೆಲ್ ಇದ್ದರೆ ಈ ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ, ಆದ್ದರಿಂದ ಅಲ್ಲಿ ಸೊನ್ನೆ ತುಂಬಬೇಕು. ಮೊತ್ತದ ಸಾಲನ್ನೂ ಕೋಷ್ಟಕದ ಜೊತೆಗೇ ನಕಲಿಸಿದ್ದರೆ ಅದು ಕೂಡ ಎಣಿಕೆಗೆ ಸೇರಿ ಉತ್ತರ ಇಮ್ಮಡಿಯಾಗುತ್ತದೆ. ಮೊತ್ತ ತಾಳೆಯಾದ ಬಳಿಕ ಆ ತಾತ್ಕಾಲಿಕ ಸಾಲನ್ನು ಅಳಿಸಿ ಕಡತವನ್ನು ಸೇವ್ ಮಾಡಿ.